ಅದು ಬಿಟ್ಟೇ ಇರಲಿಲ್ಲ

ಮಂಗಳವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಅಡುಗೆಮನೆಯಲ್ಲಿ ಎರಡು ಶಬ್ದ ಆದವು. ಮೊದಲು ಟಪ್. ಅದರ ಬೆನ್ನಿಗೇ ಚಟ್. ಟಪ್ ಅಂದದ್ದು ಅಚ್ಚು ಕಟ್ಟೆಗೆ ತಾಗಿದ್ದು. ಚಟ್ ಅಂದದ್ದು ಚಾಕಲೇಟು ಮುರಿದದ್ದು. ಇವತ್ತು ಶನಿವಾರ. ಆ ಎರಡನೇ ಶಬ್ದ ಇನ್ನೂ ಕಿವಿಯಿಂದ ಹೋಗಿಲ್ಲ. ಅದರ ಹಿಂದೆ ನಾನು ಆಡಿದ ಮಾತಂತೂ ಹೋಗುವ ಲಕ್ಷಣವೇ ಕಾಣುತ್ತಿಲ್ಲ.

ಅಚ್ಚಿನಲ್ಲಿ 24 ಗುಳಿ. ಎಂಟೆಂಟರ ಮೂರು ಸಾಲು. ವಜ್ರದ ಹಾಗೆ ಮುಖ ಮುಖ ಕೊರೆದ ಗುಳಿಗಳು, ತುದಿ ಚೂಪು. ನಾದಿನಿ ಅದನ್ನು ಬೋರಲು ಹಾಕಿ ಕುಟ್ಟಿದಾಗ ಇಡಿಯಾಗಿ ಬಿದ್ದವು 9. ಬುಡ ಕಟ್ಟೆ ಮೇಲೆ, ತಲೆ ಅಚ್ಚಿನೊಳಗೆ ಆದವು 6. ಉಳಿದ 9 ಕದಲಲೇ ಇಲ್ಲ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತವರ ಹಾಗೆ ಕೂತಿದ್ದವು.

"ಅಷ್ಟು ಜೋರಾಗಿ ಕುಟ್ಟಬೇಕಿತ್ತೇನೇ?" ಅಂದೆ. ಮಾತಿಗಿಂತ ಮಾತಿನ ಧಾಟಿ ಕೆಟ್ಟದಾಗಿತ್ತು.

ಅವಳು ಅಚ್ಚನ್ನು ಮೆಲ್ಲಗೆ ಕೆಳಗಿಟ್ಟಳು. "ಅತ್ತಿಗೆ, ಕುಟ್ಟಿದ್ದಕ್ಕೆ ಮುರಿದಿದ್ದಲ್ಲ. ಅದು ಬಿಟ್ಟೇ ಇರಲಿಲ್ಲ," ಅಂದಳು. ಕೈ ತೊಳೆದುಕೊಂಡು ರೂಮಿಗೆ ಹೋದಳು. ಬಾಗಿಲು ದಡಾರನೆ ಹಾಕಿಕೊಳ್ಳಲೂ ಇಲ್ಲ. ಹಾಕಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಗುರುವಾರ ಮಗಳ ಹುಟ್ಟುಹಬ್ಬ. ತರಗತಿಯಲ್ಲಿ 31 ಮಕ್ಕಳು. ಎರಡು ಸಲ ಅಚ್ಚು ತುಂಬಿಸಿದರೆ ಎಲ್ಲರಿಗೂ ಹಂಚಿ ಟೀಚರುಗಳಿಗೂ ಉಳಿಯುತ್ತದೆ ಅನ್ನೋದು ನನ್ನ ಲೆಕ್ಕ. ಅಮ್ಮ ಮಾಡಿದ ಚಾಕಲೇಟೇ ಬೇಕು ಅಂತ ಮಗಳು ಹಟ ಹಿಡಿದಳು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ನಿಜ ಹೇಳಬೇಕೆಂದರೆ ಅವಳಿಗೆ ಅಂಗಡಿಯದೂ ಒಂದೇ, ಮನೆಯದೂ ಒಂದೇ. ಕಾಗದ ಬಣ್ಣಬಣ್ಣದ್ದಾಗಿರಬೇಕು, ಅಷ್ಟೇ. ಹೆಚ್ಚುಗಾರಿಕೆ ಪೂರಾ ನನ್ನದು.

ನಾದಿನಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕೆಲಸದ ಮೇಲೆ ಬಂದು ಒಂದು ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ. ಒಳ್ಳೆಯವಳು. ಆದರೆ ಕೂತಲ್ಲಿ ನಿಂತಲ್ಲಿ ಅಚ್ಚುಕಟ್ಟು. ಟವೆಲ್ಲಿನ ಅಂಚಿಗೆ ಅಂಚು ಕೂಡಿಸಿ ಮಡಚುತ್ತಾಳೆ. ಮಾತ್ರೆ ನುಂಗುವ ಮುಂಚೆ ಅದರ ಹಾಳೆಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದುತ್ತಾಳೆ. ಎರಡು ಮಾತಲ್ಲಿ ಮುಗಿಯುವುದನ್ನು ಒಂದೂವರೆ ಮಾತಲ್ಲಿ ಮುಗಿಸುತ್ತಾಳೆ. ಇಂಥವರ ಜೊತೆ ಇರುವುದು ಸುಲಭ ಅಲ್ಲ. ಅವರು ನಮ್ಮನ್ನು ಏನೂ ಅನ್ನುವುದಿಲ್ಲ, ಆದರೂ ನಮಗೆ ಏನೋ ಅನ್ನಿಸಿಕೊಂಡ ಹಾಗೆ ಆಗುತ್ತಿರುತ್ತದೆ.

ಅವತ್ತು ಸಂಜೆ ನಾನು ಚಾಕಲೇಟು ಕರಗಿಸಲು ಬಿಸಿ ನೀರಿನ ಮೇಲೆ ಬಟ್ಟಲು ಇಟ್ಟಾಗಲೇ ಕೇಳಿದಳು. "ಥರ್ಮಾಮೀಟರ್ ಎಲ್ಲಿದೆ ಅತ್ತಿಗೆ?"

"ಸೆಲ್ ಹೋಗಿದೆ. ಬಿಡು, ನನಗೆ ಕೈಗೇ ಗೊತ್ತಾಗುತ್ತೆ. ನಾಲ್ಕು ವರ್ಷದಿಂದ ಮಾಡ್ತಿದ್ದೀನಿ."

ನಾಲ್ಕು ವರ್ಷ ಅಂದದ್ದು ಸುಳ್ಳಲ್ಲ. ಹೇಳದೆ ಬಿಟ್ಟದ್ದು ಏನೆಂದರೆ, ಆ ನಾಲ್ಕು ವರ್ಷದಲ್ಲಿ ಮೂರು ವರ್ಷ ಮಾಡಿದ್ದು ಕಾಂಪೌಂಡ್ ಚಾಕಲೇಟು. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕರಗಿಸು, ಹೊಯ್ಯಿ, ಫ್ರಿಜ್ಜಿಗಿಡು, ತೆಗಿ. ಹೆಚ್ಚು ಕಡಿಮೆ ತಾನಾಗಿಯೇ ಉದುರುತ್ತದೆ. ಅದನ್ನು ಮಾಡುತ್ತಿದ್ದಾಗ ನನ್ನ ಕೈಯಲ್ಲಿ ಏನೋ ಗುಣ ಇದೆ ಅಂತ ನಾನೂ ನಂಬಿದ್ದೆ, ತಿಂದವರೂ ನಂಬಿಸಿದ್ದರು. ಆಮೇಲೆ ಒಂದು ಆನ್‌ಲೈನ್ ತರಗತಿಗೆ ಸೇರಿದೆ. ಅಲ್ಲಿ ಹೇಳಿಕೊಡುತ್ತಿದ್ದವರು ಕಾಂಪೌಂಡ್ ಅನ್ನುವ ಮಾತು ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದರು. ಅದು ನನಗೂ ಅಂಟಿತು. ವಿದ್ಯೆ ಅಂಟಿತೋ ಇಲ್ಲವೋ, ಮೂಗು ಮುರಿಯುವುದು ಮಾತ್ರ ಚೆನ್ನಾಗಿ ಬಂತು. ಅವತ್ತಿನಿಂದ ಕೋಕೋ ಬೆಣ್ಣೆ ಇರುವ ಅಸಲಿ ಚಾಕಲೇಟೇ ಆಗಬೇಕು ಅಂತ ಪಣ.

ಅಸಲಿ ಚಾಕಲೇಟಿಗೆ ಟೆಂಪರಿಂಗ್ ಬೇಕು. ಒಂದು ಸಲ ಪೂರ್ತಿ ಕರಗಿಸಿ, ಹದವಾಗಿ ತಣಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡುವ ಕೆಲಸ. ನನಗೆ ಗೊತ್ತಿಲ್ಲ ಅಂತಲ್ಲ, ಗೊತ್ತಿತ್ತು. ಅವತ್ತು ಗಟ್ಟಿ ಚಾಕಲೇಟಿನ ಚೂರು ಹಾಕಿ ತಣಿಸಿದೆ ಕೂಡ. ನಡುವೆ ಒಂದು ಫೋನ್ ಬಂತು. ಫೋನ್ ಮುಗಿಯುವಷ್ಟರಲ್ಲಿ ಬಟ್ಟಲಿನ ಅಂಚು ಗಟ್ಟಿಯಾಗುತ್ತಿತ್ತು. ಸರಿ, ಮತ್ತೆ ಬಿಸಿ ನೀರಿನ ಮೇಲೆ ಇಟ್ಟೆ. ಎಷ್ಟು ಬಿಸಿಯಾಯಿತು ಅಂತ ಒಂದು ಹನಿ ತುಟಿಗೆ ತಾಗಿಸಿ ನೋಡಿ "ಸರಿ ಇದೆ" ಅಂದೆ. ತುಟಿಗೆ 31 ಡಿಗ್ರಿಗೂ 34 ಡಿಗ್ರಿಗೂ ಇರುವ ವ್ಯತ್ಯಾಸ ಗೊತ್ತಾಗುವ ಹಾಗಿದ್ದರೆ ಥರ್ಮಾಮೀಟರನ್ನು ಯಾರೂ ಕಂಡುಹಿಡಿಯುತ್ತಿರಲಿಲ್ಲ.

ಮಂಗಳವಾರಕ್ಕೆ ಬರುತ್ತೇನೆ. ನಾದಿನಿ ರೂಮಿಗೆ ಹೋದ ಮೇಲೆ ಇವರು ಬಂದರು. ಇವರಿಗೆ ಯಾವ ಸಮಸ್ಯೆಗೂ ಒಂದೇ ಮದ್ದು: ಇನ್ನೂ ಸ್ವಲ್ಪ ಜೋರು. ಡಬ್ಬಿ ಮುಚ್ಚಳ ಬರಲಿಲ್ಲವೋ, ಜೋರು. ಡ್ರಾಯರ್ ಸಿಕ್ಕಿಕೊಂಡಿತೋ, ಜೋರು. "ಒಂದು ಚಾಕು ಕೊಡು" ಅಂದರು. ಬೇಡ ಅನ್ನುವಷ್ಟರಲ್ಲಿ ಒಂದು ಗುಳಿಯಲ್ಲಿ ಚಾಕಿನ ತುದಿ ಇಳಿಸಿ ತಿರುವಿಯಾಗಿತ್ತು. ಚಾಕಲೇಟು ಪುಡಿಯಾಗಿ ಬಂತು. "ನೋಡು, ಬಂತಲ್ಲ" ಅಂದರು. ಬಂತು, ಹೌದು. ಕಿತ್ತ ಹಲ್ಲು ಬಂದ ಹಾಗೆ.

ಪಕ್ಕದ ಮನೆಯವರಿಗೆ ಈ ಸುದ್ದಿ ಹೇಗೆ ತಲುಪಿತೋ ಗೊತ್ತಿಲ್ಲ. ಹತ್ತು ಗಂಟೆಗೆ ಮೆಸೇಜು: ಫ್ರೀಜರ್‌ನಲ್ಲಿ ಒಂದು ಗಂಟೆ ಇಡಿ, ತಾನೇ ಬರುತ್ತೆ. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಅವರದು ಸಿಲಿಕೋನ್ ಅಚ್ಚು. ಅದು ರಬ್ಬರಿನ ಹಾಗೆ ಬಾಗುತ್ತದೆ. ಸುತ್ತಲೂ ಅಂಚನ್ನು ಬಿಡಿಸಿಕೊಂಡು, ಅಡಿಯಿಂದ ಹೆಬ್ಬೆರಳಲ್ಲಿ ಒತ್ತಿದರೆ ಚಾಕಲೇಟು ಮೇಲೆ ಬರುತ್ತದೆ. ಚಾಕಲೇಟು ಗಟ್ಟಿ ಇದ್ದಷ್ಟೂ ಅಲ್ಲಿ ಅನುಕೂಲ. ಅಲ್ಲಿ ತೊಂದರೆ ಕೊಡುವುದು ತೆಳ್ಳಗಿನ ಭಾಗಗಳು. ಹೋದ ವರ್ಷ ಒಂದು ಮೊಲದ ಅಚ್ಚಿನಲ್ಲಿ ಮಾಡಿದಾಗ ಮೊಲಗಳೆಲ್ಲ ಬಂದವು, ಕಿವಿಗಳೆಲ್ಲ ಉಳಿದವು. ಮಗಳು ಅವನ್ನು ಕರಡಿ ಅಂತ ಹೇಳಿ ತಿಂದಳು. ನನ್ನದು ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು. ಗಾಜಿನಂತೆ ಪಾರದರ್ಶಕ, ಬಿರುಸು. ಇದನ್ನು ಬಾಗಿಸಿ ಬಿಡಿಸಲು ಆಗುವುದಿಲ್ಲ. ಚಾಕಲೇಟೇ ಗೋಡೆಯಿಂದ ಸರಿದುಕೊಳ್ಳಬೇಕು. ಸರಿದಿಲ್ಲ ಅಂದರೆ ಫ್ರೀಜರ್ ಏನು ಮಾಡೀತು? ತೆಳ್ಳಗಿದ್ದರೆ ಸೀಳು ಬಿಡುತ್ತದೆ. ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಮೇಲೆ ಕೂತು ಬೆವರುತ್ತದೆ. ಆ ನೀರಿನಲ್ಲಿ ಮೇಲ್ಮೈಯ ಸಕ್ಕರೆ ಕರಗಿ, ಆರಿದ ಮೇಲೆ ಬೆಳ್ಳಗೆ ಒರಟಾಗಿ ಉಳಿಯುತ್ತದೆ. ಇದನ್ನೆಲ್ಲ ಅವರಿಗೆ ಬರೆಯಲು ಹೋಗಲಿಲ್ಲ. ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾದೆ.

ನಿದ್ದೆ ಬರಲಿಲ್ಲ. ಅದು ಬಿಟ್ಟೇ ಇರಲಿಲ್ಲ. ಏನು ಮಾತು ಇದು? ಬಿಟ್ಟಿರಲಿಲ್ಲ ಅಂತ ಅವಳಿಗೆ ಹೇಗೆ ಗೊತ್ತು? ಮುರಿದ ಮೇಲೆ ಯಾರು ಬೇಕಾದರೂ ಹಾಗೆ ಹೇಳಬಹುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೀಗೆಲ್ಲ ಅಂದುಕೊಂಡು ಮಗ್ಗಲು ಬದಲಿಸುತ್ತಾ ಒಂದು ಗಂಟೆ ಮಾಡಿದೆ. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ ಲೈಟು ಹಾಕಿದೆ.

ಅಚ್ಚನ್ನು ಎತ್ತಿ ಲೈಟಿನ ಕೆಳಗೆ ಹಿಡಿದು ಅಡಿಭಾಗ ನೋಡಿದೆ. ಇದನ್ನು ನಾನು ಮಾಡಬೇಕಾಗಿದ್ದದ್ದು ಒಂಬತ್ತೂವರೆಗೆ. ಅಂಟಿಕೊಂಡಿದ್ದ ಗುಳಿಗಳು ಕಪ್ಪಗೆ, ಒದ್ದೆಯಾದ ಹಾಗೆ ಕಾಣುತ್ತಿದ್ದವು. ಪ್ಲಾಸ್ಟಿಕ್ಕಿಗೂ ಚಾಕಲೇಟಿಗೂ ನಡುವೆ ಒಂದು ಕೂದಲಿನಷ್ಟೂ ಜಾಗ ಇಲ್ಲ. ಎರಡೂ ಒಂದೇ ಆಗಿ ಹೋಗಿವೆ. ಒಂದೇ ಒಂದು ಗುಳಿಯ ಮೂಲೆಯಲ್ಲಿ ಮಾತ್ರ ಒಂದು ಚೂರು ಬೂದು ಬಣ್ಣ, ಬೆಳ್ಳಿಯ ಹಾಗೆ ಮಿನುಗು. ಚಾಕಲೇಟು ಗೋಡೆ ಬಿಟ್ಟಲ್ಲಿ ನಡುವೆ ಗಾಳಿಯ ಪೊರೆ ಸೇರಿಕೊಳ್ಳುತ್ತದೆ. ಬೆಳಕು ಅಲ್ಲಿ ಬೇರೆ ಥರ ಹಿಂದಿರುಗುತ್ತದೆ. ಆ ಮಿನುಗು ಅದರದು. ಗುಳಿ ಪೂರಾ ಹಾಗೆ ಮಂಕು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಚಾಕಲೇಟು ಬಿಟ್ಟಿದೆ ಅಂತ. ಕಪ್ಪು ಮಚ್ಚೆ ಉಳಿದಿದ್ದರೆ ಅಲ್ಲಿ ಇನ್ನೂ ಹಿಡಿದಿದೆ ಅಂತ. ಮುರಿದ ಆರು ತಲೆಗಳಲ್ಲೂ ಅದೇ ಕತೆ: ಮುರಿದ ಅಂಚಿನ ಸುತ್ತ ಬೂದು, ಚೂಪು ತುದಿಯಲ್ಲಿ ಕಪ್ಪು. ಬುಡ ಬಿಟ್ಟಿತ್ತು, ತಲೆ ಬಿಟ್ಟಿರಲಿಲ್ಲ. ಕುಟ್ಟಿದ ಪೆಟ್ಟಿಗೆ ಬಿಟ್ಟದ್ದು ಹೊರಟಿತು, ಬಿಡದ್ದು ಉಳಿಯಿತು, ನಡುವೆ ಚಟ್.

ಇನ್ನೊಂದೂ ಕಣ್ಣಿಗೆ ಬಿತ್ತು. ಅಂಟಿಕೊಂಡಿದ್ದ 9ರಲ್ಲಿ 8 ಒಂದೇ ಸಾಲಿನವು. ಮುರಿದವೆಲ್ಲ ನಡುವಿನ ಸಾಲಿನವು. ಇಡಿಯಾಗಿ ಬಂದದ್ದು ಆಚೆ ಕಡೆಯ ಸಾಲು. ಚಾಕಲೇಟು ಹೊಯ್ಯುವ ಮುಂಚೆ ಅಚ್ಚನ್ನು ಎಲ್ಲಿಟ್ಟಿದ್ದೆ ಅಂತ ನೆನಪು ಮಾಡಿಕೊಂಡೆ. ಒಲೆಯ ಪಕ್ಕ. ಆ ಒಂದು ಸಾಲು ಒಲೆಗೆ ತಾಗಿದ ಹಾಗೆ ಅರ್ಧ ಗಂಟೆ ಕಾದಿದೆ. ಮೊದಲೇ ಹದ ತಪ್ಪುವ ಅಂಚಿನಲ್ಲಿದ್ದ ಚಾಕಲೇಟು ಬಿಸಿ ಅಚ್ಚಿಗೆ ಬಿದ್ದು ಪೂರ್ತಿ ಹದಗೆಟ್ಟಿದೆ. ಅಚ್ಚು ಇರಬೇಕಾದದ್ದು ಕೋಣೆಯ ತಂಪಿಗಿಂತ ಒಂಚೂರು ಬೆಚ್ಚಗೆ, 22ರಿಂದ 25 ಡಿಗ್ರಿಯ ಹತ್ತಿರ. ತೀರಾ ತಣ್ಣಗಿದ್ದರೂ ತೊಂದರೆ, ಚಾಕಲೇಟು ಗೋಡೆಗೆ ತಾಗುತ್ತಲೇ ಗಕ್ಕನೆ ಹೆಪ್ಪುಗಟ್ಟಿ ಹೊಳಪು ಹೋಗುತ್ತದೆ.

ಕಟ್ಟೆಯ ಮೇಲಿದ್ದ ತುಂಡುಗಳನ್ನೂ ನೋಡಿದೆ. ಇಡಿಯಾಗಿ ಬಂದವು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮುರಿದವು ಮಂಕು, ಮೇಲೆ ಬೂದು ಗೆರೆಗಳು. ಇಷ್ಟು ಸಾಕ್ಷಿ ಸಿಕ್ಕಿದ ಮೇಲೆ ಅಪರಾಧಿ ಯಾರು ಅಂತ ಹೇಳಲು ದೊಡ್ಡ ಪತ್ತೇದಾರಿಕೆ ಬೇಕಿರಲಿಲ್ಲ.

ಚಾಕಲೇಟು ಗೋಡೆ ಬಿಡುವುದು ಯಾಕೆ ಅಂತ ಓದುತ್ತಾ ಕೂತೆ. ಮೊದಲು ಓದಿದ್ದೇ. ಆದರೆ ಏಟು ತಿಂದ ಮೇಲೆ ಓದುವುದೇ ಬೇರೆ. ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು. ಆರನ್ನೂ 1966ರಲ್ಲಿ ವಿಲ್ಲೆ ಮತ್ತು ಲಟ್ಟನ್ ಅನ್ನುವ ಇಬ್ಬರು ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಮೊದಲನೆಯದು ಸುಮಾರು 17 ಡಿಗ್ರಿಗೇ ಕರಗಿ ಹೋಗುತ್ತದೆ. ನಾಲ್ಕನೆಯದು 27ರ ಹತ್ತಿರ. ನಮಗೆ ಬೇಕಾದದ್ದು ಐದನೆಯದು. ಅದು ಕರಗುವುದು 34ರ ಹತ್ತಿರ. ಅದಕ್ಕೇ ಕೈಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಈ ಐದನೇ ಬಗೆಯಲ್ಲಿ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಒತ್ತೊತ್ತಾಗಿ ಕೂತರೆ ಜಾಗ ಕಡಿಮೆ ಸಾಕು. ಒಟ್ಟು ಗಾತ್ರ ನೂರಕ್ಕೆ ಎರಡರಷ್ಟು ಕುಗ್ಗುತ್ತದೆ. ಬರೀ ಎರಡು! ಆ ಎರಡರಷ್ಟು ಕುಗ್ಗುವುದರಿಂದಲೇ ಚಾಕಲೇಟು ಅಚ್ಚಿನ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹದ ತಪ್ಪಿದರೆ ಬೇರೆ ಬಗೆಯ ಹರಳುಗಳು ಹೇಗೆ ಬೇಕೋ ಹಾಗೆ ಕಾಲು ಚಾಚಿ ಕೂರುತ್ತವೆ. ಸಾಕಷ್ಟು ಕುಗ್ಗುವುದಿಲ್ಲ. ಗೋಡೆಯನ್ನು ಬಿಡುವುದಿಲ್ಲ. ನೀವು ಮೆಲ್ಲಗೆ ಕುಟ್ಟಿ, ಜೋರಾಗಿ ಕುಟ್ಟಿ, ದೇವರ ಹೆಸರು ಹೇಳಿ ಕುಟ್ಟಿ.

ಹಳೇ ಕಾಲದಲ್ಲಿ ಚಾಕಲೇಟಿನ ಅಚ್ಚುಗಳು ತವರದ ಲೇಪ ಕೊಟ್ಟ ಲೋಹದವು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಆಂಟನ್ ರೈಶೆ ಅನ್ನುವವರ ಕಾರ್ಖಾನೆ 1870ರಲ್ಲಿ ಶುರುವಾಗಿ ಇಂಥ ಅಚ್ಚುಗಳನ್ನು ಬಗೆಬಗೆಯ ಆಕಾರದಲ್ಲಿ ಮಾಡಿತು. ಲೋಹದ ಅಡಿಯಲ್ಲಿ ಏನೂ ಕಾಣುವುದಿಲ್ಲ. ಬಿಟ್ಟಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳುವ ಭಾಗ್ಯ ಆಗಿನವರಿಗೆ ಇರಲಿಲ್ಲ. ನನಗೆ ಇತ್ತು. ಪಾರದರ್ಶಕ ಅಚ್ಚು ಕೈಯಲ್ಲೇ ಇತ್ತು, ತಲೆ ಮೇಲೆ ಲೈಟು ಇತ್ತು. ನೋಡಲಿಲ್ಲ.

ನೋಡಿದವಳು ಒಬ್ಬಳಿದ್ದಳು. ಅದು ನೆನಪಾದದ್ದು ಆಗ, ರಾತ್ರಿ ಒಂದೂಕಾಲಿಗೆ, ಅಚ್ಚು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗ. ಕುಟ್ಟುವ ಮುಂಚೆ ನಾದಿನಿ ಅಚ್ಚನ್ನು ತಲೆಗಿಂತ ಮೇಲೆ ಎತ್ತಿ, ನಾನು ಈಗ ಹಿಡಿದ ಹಾಗೇ ಲೈಟಿಗೆ ಹಿಡಿದಿದ್ದಳು. ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿದ್ದಳು. "ಇನ್ನೊಂದು ಸ್ವಲ್ಪ ಹೊತ್ತು ಇಡೋಣವಾ ಅತ್ತಿಗೆ?" ಅಂದಿದ್ದಳು.

ನಾನು ಏನಂದೆ? ಸಿಂಕಿನ ಕಡೆ ಮುಖ ಮಾಡಿಕೊಂಡು, ತಿರುಗಿ ಕೂಡ ನೋಡದೆ, "ಹೊತ್ತಾಯ್ತು, ಕುಟ್ಟು" ಅಂದೆ.

ಕುಟ್ಟು ಅಂದವಳು ನಾನು. ಯಾಕೆ ಕುಟ್ಟಿದೆ ಅಂದವಳೂ ನಾನು. ಎರಡರ ನಡುವೆ ಇದ್ದದ್ದು ಹತ್ತು ಸೆಕೆಂಡು ಇರಬಹುದು. ಆ ಹತ್ತು ಸೆಕೆಂಡಿನಲ್ಲಿ ನಾನು ಹೇಳಿದ್ದನ್ನು ನಾನೇ ಮರೆತಿದ್ದೆ ಅಂತ ಈಗ ಹೇಳಿದರೆ ಯಾರು ನಂಬುತ್ತಾರೆ? ಮರೆತದ್ದಂತೂ ನಿಜ.

ಅವಳು "ನೀವೇ ಕುಟ್ಟು ಅಂದಿರಲ್ಲ" ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ, ಖಂಡಿತ ಅನ್ನುತ್ತಿದ್ದೆ, ಜೊತೆಗೆ ಥರ್ಮಾಮೀಟರಿನ ಸೆಲ್ಲನ್ನೂ ಸೇರಿಸುತ್ತಿದ್ದೆ. ಅವಳು ಚಾಕಲೇಟಿನ ಬಗ್ಗೆ ಮಾತ್ರ ಹೇಳಿದಳು. ಅದು ಬಿಟ್ಟೇ ಇರಲಿಲ್ಲ. ನಾನು ಅದನ್ನು ತಪ್ಪಿಸಿಕೊಳ್ಳುವ ಮಾತು ಅಂತ ಕೇಳಿಸಿಕೊಂಡೆ. ಈಗ ಕೇಳಿಸಿಕೊಂಡರೆ ಅದರಲ್ಲಿ ಅವಳೂ ಇಲ್ಲ, ನಾನೂ ಇಲ್ಲ. ಆದದ್ದು ಏನು ಅಂತ ಮಾತ್ರ ಇದೆ.

ನನಗೆ ಒಬ್ಬ ಸೋದರಮಾವ ಇದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೇ ಮರದ ಕುರ್ಚಿ ಅವರು ಕೂತಾಗ ಮುರಿಯಿತು. ಅವರು ಸ್ವಲ್ಪ ದಪ್ಪ. ಅಷ್ಟು ಸಾಕಾಯಿತು. ಇಪ್ಪತ್ತು ವರ್ಷ ಅವರು ಯಾವ ಮನೆಗೆ ಹೋದರೂ "ಮಾವನಿಗೆ ಗಟ್ಟಿ ಕುರ್ಚಿ ಹಾಕಿ" ಅನ್ನುವ ತಮಾಷೆ. ಅವರೂ ನಗುತ್ತಿದ್ದರು. ಆ ಕುರ್ಚಿಯ ಹಿಂಗಾಲನ್ನು ಒಳಗಿಂದ ಗೆದ್ದಲು ತಿಂದಿತ್ತು. ಮುರಿದ ಕಾಲನ್ನು ಎತ್ತಿ ಎಸೆದವಳು ನನ್ನ ಅಮ್ಮ, ಕೈಗೆಲ್ಲ ಮಣ್ಣಿನ ಪುಡಿ ಅಂಟಿತ್ತು ಅಂತ ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದ್ದು. ಅವರಿಗಿಂತ ಮುಂಚೆ ಬೆಳಿಗ್ಗೆಯಿಂದ ಆ ಕುರ್ಚಿಯ ಮೇಲೆ ಐದು ಜನ ಕೂತು ಎದ್ದಿರಬಹುದು. ಐದು ಜನಕ್ಕೂ ಅದು ಒಂದೊಂದು ಚೂರು ಮುರಿದಿತ್ತು. ಶಬ್ದ ಬಂದದ್ದು ಮಾವ ಕೂತಾಗ.

ಶಬ್ದ ಬಂದಾಗ ಅಲ್ಲಿ ಯಾರಿದ್ದರು ಅಂತ ನೋಡುವುದು ನಮಗೆ ರೂಢಿ. ಆಫೀಸಿನಲ್ಲಿ ನಾನು ಇದನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಮೂರು ತಿಂಗಳು ನಾಲ್ಕು ಮೇಜು ಸುತ್ತಿದ ಒಂದು ಲೆಕ್ಕ ನನ್ನ ಕೈಗೆ ಬಂದದ್ದು ಕೊಡುವ ಹಿಂದಿನ ಸಂಜೆ. ತಪ್ಪು ಮೊದಲನೇ ಮೇಜಿನದು. ಕಳಿಸುವ ಬಟನ್ ಒತ್ತಿದ್ದು ನಾನು. ಒಂದು ವಾರ ಎಲ್ಲರ ಬಾಯಲ್ಲೂ ನನ್ನ ಹೆಸರು. ಅವತ್ತು ಮನೆಗೆ ಬಂದು ಅತ್ತಿದ್ದೆ. ಅತ್ತವಳಿಗೆ ಬುದ್ಧಿ ಬಂದಿರಬೇಕು ಅಂತ ಅಂದುಕೊಳ್ಳುತ್ತೇವೆ. ಬರುವುದಿಲ್ಲ. ಬಂದಿದ್ದರೆ ಮಂಗಳವಾರ ನನ್ನ ಬಾಯಿಂದ ಆ ಮಾತು ಯಾಕೆ ಬರುತ್ತಿತ್ತು?

ಅಚ್ಚಿನಿಂದ ಬಿಡಿಸುವುದು ಹೇಗೆ ಅಂತ ಹುಡುಕಿದರೆ ಎಲ್ಲರೂ ಹೇಳುವುದು ಕೊನೆಯ ಆ ಒಂದು ನಿಮಿಷದ ಬಗ್ಗೆ. ಹೀಗೆ ತಿರುಗಿಸಿ, ಹಾಗೆ ಕುಟ್ಟಿ, ಇಲ್ಲಿ ಒತ್ತಿ. ನಾನು ಹುಡುಕುತ್ತಿದ್ದದ್ದೂ ಅದನ್ನೇ. ಆ ನಿಮಿಷಕ್ಕೆ ಮಾಡಲು ಉಳಿದಿರುವುದು ಬಹಳ ಕಡಿಮೆ. ಒಂದು ಗಂಟೆ ಮುಂಚೆ ಬಟ್ಟಲಿನಲ್ಲಿ ಏನಾಯಿತೋ ಅದೇ ಕಟ್ಟೆಯ ಮೇಲೆ ಬೀಳುತ್ತದೆ.

ಬುಧವಾರ ಬೆಳಿಗ್ಗೆ ನಾದಿನಿ ಎಂದಿನಂತೆ ಎದ್ದಳು, ಎಂದಿನಂತೆ ಮಾತಾಡಿದಳು. ಹೊರಡುವಾಗ "ಸೆಲ್ ತರಬೇಕಾ ಅತ್ತಿಗೆ?" ಅಂದಳು. ಚುಚ್ಚಿ ಹೇಳಿದಳೋ ಸುಮ್ನೆ ಕೇಳಿದಳೋ ಇವತ್ತಿಗೂ ಗೊತ್ತಾಗಿಲ್ಲ. "ನಾನೇ ತರ್ತೀನಿ" ಅಂದೆ. ಕ್ಷಮಿಸು ಅನ್ನುವ ಮಾತು ಬಾಯಿ ತನಕ ಬಂದಿತ್ತು, ಅಲ್ಲೇ ಅಂಟಿಕೊಂಡಿತು.

ಸಂಜೆ ಮೊದಲು ಮಾಡಿದ ಕೆಲಸ ಅಚ್ಚು ಖಾಲಿ ಮಾಡುವುದು. ಅಂಟಿದ್ದನ್ನು ಕೆರೆಯಲು ಹೋಗಲಿಲ್ಲ. ಅಚ್ಚನ್ನು ತಟ್ಟೆಯ ಮೇಲೆ ಬೋರಲಿಟ್ಟು ಹಿಂದಿನಿಂದ ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಹಿಡಿದೆ. ಒಂದೊಂದೇ ಜಾರಿ ಬಿದ್ದವು. ಮುರಿದವೂ ಅಂಟಿದವೂ ಎಲ್ಲ ಮತ್ತೆ ಬಟ್ಟಲಿಗೇ. ಚಾಕಲೇಟಿನ ವಿಷಯದಲ್ಲಿ ಇದೊಂದು ಸುಖ, ನೀರು ತಾಗದೆ ಇದ್ದರೆ, ಸೀಯದೆ ಇದ್ದರೆ, ಎಷ್ಟು ಸಲ ಬೇಕಾದರೂ ಕರಗಿಸಿ ಮೊದಲಿಂದ ಶುರು ಮಾಡಬಹುದು. ಅಚ್ಚನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದೆ. ನಾರು ಮುಟ್ಟಿಸಲಿಲ್ಲ. ಒಂದು ಹನಿಯೂ ಉಳಿಯದ ಹಾಗೆ ಒಣಗಿಸಿ, ಆಮೇಲೆ ಹತ್ತಿಯಿಂದ ಒಂದೊಂದು ಗುಳಿಯನ್ನೂ ಉಜ್ಜಿದೆ. ಗುಳಿಯ ಮೈ ಎಷ್ಟು ನಯವೋ ಚಾಕಲೇಟಿನ ಮೈ ಅಷ್ಟೇ ನಯ. ಇಪ್ಪತ್ತಮೂರರಲ್ಲಿ ಹತ್ತಿ ಜಾರಿತು. ಒಂದರಲ್ಲಿ ಒಂದು ಎಳೆ ಸಿಕ್ಕಿಕೊಂಡಿತು. ಬೆರಳಲ್ಲಿ ಮುಟ್ಟಿ ನೋಡಿದೆ. ಸಣ್ಣ ಗೀರು. ಆಗ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಥರ್ಮಾಮೀಟರಿಗೆ ಹೊಸ ಸೆಲ್ ಹಾಕಿದೆ. ನನ್ನದು ಹಾಲಿಲ್ಲದ ಕಪ್ಪು ಚಾಕಲೇಟು. 48 ಡಿಗ್ರಿ ತನಕ ಕರಗಿಸಿದೆ, ಹಳೇ ಹರಳು ಒಂದೂ ಉಳಿಯಬಾರದು. ಒಲೆ ಆರಿಸಿ, ಗಟ್ಟಿ ಚಾಕಲೇಟಿನ ಚೂರುಗಳನ್ನು, ಒಟ್ಟಿನ ಕಾಲು ಭಾಗದಷ್ಟು, ಸ್ವಲ್ಪ ಸ್ವಲ್ಪವೇ ಹಾಕಿ ತಿರುವುತ್ತಾ ಬಂದೆ. ಆ ಚೂರುಗಳಲ್ಲಿ ಐದನೇ ಬಗೆಯ ಹರಳು ಆಗಲೇ ಇರುತ್ತದೆ, ಉಳಿದದ್ದಕ್ಕೆ ಅದೇ ಬೀಜ. 28ಕ್ಕೆ ಇಳಿಯಿತು. ಬೆಚ್ಚಗೆ ಮಾಡಿ 31ಕ್ಕೆ ಏರಿಸಿದೆ. ಫೋನ್ ಬಂತು. ಎತ್ತಲಿಲ್ಲ. ಚಾಕಿನ ತುದಿಯನ್ನು ಅದ್ದಿ ಕಟ್ಟೆಯ ಮೇಲಿಟ್ಟು ಕಾದೆ. ನಾಲ್ಕು ನಿಮಿಷಕ್ಕೆ ಗಟ್ಟಿಯಾಗಿ ಹೊಳೆಯಿತು, ಗೆರೆ ಇಲ್ಲ. ಈ ಒಂದು ಪರೀಕ್ಷೆ ಮಂಗಳವಾರ ಮಾಡಿದ್ದರೆ ಇಷ್ಟೆಲ್ಲ ರಾಮಾಯಣವೇ ಇರುತ್ತಿರಲಿಲ್ಲ. ಹಾಲಿನ ಚಾಕಲೇಟಾದರೆ ಕೊನೆಯ ಬಿಸಿ ಒಂದೆರಡು ಡಿಗ್ರಿ ಕಡಿಮೆ ಇರಬೇಕು, ಬಿಳಿಯದಕ್ಕೆ ಇನ್ನೂ ಒಂದು ಕಡಿಮೆ.

ಹೊಯ್ದೆ. ಅಚ್ಚನ್ನು ಕಟ್ಟೆಗೆ ತಟ್ಟಿ ತಟ್ಟಿ ಗಾಳಿ ಗುಳ್ಳೆ ಎಬ್ಬಿಸಿದೆ. ಮೇಲೆ ಉಳಿದದ್ದನ್ನು ಸ್ಕ್ರೇಪರ್‌ನಿಂದ ಒಂದೇ ಎಳೆತಕ್ಕೆ ಹೆರೆದೆ. ಮಂಗಳವಾರ ಇದನ್ನೂ ಅರ್ಧಂಬರ್ಧ ಮಾಡಿದ್ದೆ. ಗುಳಿಗಳ ನಡುವೆ ತೆಳ್ಳನೆ ಪದರ ಉಳಿದರೆ ಒಂದು ಚಾಕಲೇಟು ಇನ್ನೊಂದರ ಕೈ ಹಿಡಿದುಕೊಂಡಿರುತ್ತದೆ, ಬೀಳುವಾಗ ಅಂಚು ಹರಿಯುತ್ತದೆ. ಆಮೇಲೆ ಫ್ರಿಜ್ಜಿಗೆ 15 ನಿಮಿಷ. ಗಟ್ಟಿಯಾಗುವಾಗ ಚಾಕಲೇಟು ತಾನೇ ಒಂದಿಷ್ಟು ಶಾಖ ಬಿಡುತ್ತದೆ. ಆ ಶಾಖ ಹೊರಗೆ ಹೋಗಲಿ ಅಂತ ಈ ತಂಪು.

ನಾದಿನಿ ಕೆಲಸದಿಂದ ಬಂದು, ಚಹಾ ಕುಡಿದ ಲೋಟ ತೊಳೆಯಲು ಅಡುಗೆಮನೆಗೆ ಬಂದಳು. ನಾನು ಫ್ರಿಜ್ಜಿನಿಂದ ಅಚ್ಚು ತೆಗೆದು ಅವಳ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಅವಳೂ ಏನೂ ಕೇಳಲಿಲ್ಲ. ಲೈಟಿಗೆ ಹಿಡಿದಳು. ಒಂದು ಕಣ್ಣು ಕಿರಿದು ಮಾಡಿದಳು. ನಾನೂ ಕೆಳಗಿನಿಂದ ಕತ್ತು ಎತ್ತಿ ನೋಡಿದೆ. ಎರಡು ಸಾಲು ಪೂರ್ತಿ ಬೆಳ್ಳಿ. ಮೂರನೆಯದರಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆ.

"ಇನ್ನೊಂದು ಐದು ನಿಮಿಷ ಇಡೋಣ," ಅಂದಳು. ಈ ಸಲ ಕೇಳಲಿಲ್ಲ, ಹೇಳಿದಳು.

ಇಟ್ಟೆವು. ಆ ಐದು ನಿಮಿಷ ನಾನು ಕಟ್ಟೆಯನ್ನು ಮೂರು ಸಲ ಒರೆಸಿದೆ. ಗಡಿಯಾರ ನೋಡಿದೆ. "ಸಾಕೇನೋ" ಅನ್ನುವ ಮಾತು ಎರಡು ಸಲ ನುಂಗಿಕೊಂಡೆ. ಮತ್ತೆ ತೆಗೆದು ನೋಡಿದಾಗ ಮಚ್ಚೆಗಳು ಸರಿದು ಹೋಗಿದ್ದವು. ಅವಳು ಅಚ್ಚಿನ ಬಾಯಿಗೆ ಬೆಣ್ಣೆ ಕಾಗದ ಹೊದಿಸಿ, ಅದರ ಮೇಲೆ ತಟ್ಟೆ ಒತ್ತಿ ಹಿಡಿದು, ಮೂರನ್ನೂ ಒಟ್ಟಿಗೆ ತಿರುಗಿಸಿದಳು. ಹಾಗೆ ಮಾಡಿದರೆ ಚಾಕಲೇಟು ಎತ್ತರದಿಂದ ಬೀಳುವ ಪ್ರಶ್ನೆಯೇ ಇಲ್ಲ. ಕುಟ್ಟಲಿಲ್ಲ. ಅಚ್ಚಿನ ಎರಡು ತುದಿ ಹಿಡಿದು ಒಂಚೂರು ತಿರುಚಿದಳು, ಒದ್ದೆ ಬಟ್ಟೆ ಹಿಂಡಲು ಶುರು ಮಾಡಿದ ಹಾಗೆ. ಒಳಗೆ ಪಟಪಟ ಅಂತ ಸಣ್ಣ ಶಬ್ದ. ಮಳೆಯ ಮೊದಲ ಹನಿಗಳು ತಗಡಿಗೆ ಬಿದ್ದ ಹಾಗೆ. ಅಚ್ಚನ್ನು ಎತ್ತಿದಳು.

ತಟ್ಟೆಯ ಮೇಲೆ 23 ಚಾಕಲೇಟು, ಚೂಪು ತುದಿಗಳೆಲ್ಲ ಇಡಿಯಾಗಿ. ಲೈಟು ಒಂದೊಂದರಲ್ಲೂ ಕಾಣುತ್ತಿತ್ತು. ಇಬ್ಬರೂ ಅಚ್ಚಿನೊಳಗೆ ಇಣುಕಿದೆವು. ಒಂದು ಉಳಿದಿತ್ತು.

ನಾನು ಬಾಯಿ ತೆಗೆಯುವ ಮುಂಚೆಯೇ ಅವಳು ಆ ಗುಳಿಯನ್ನು ಲೈಟಿಗೆ ಹಿಡಿದಳು. ಚೂಪು ತುದಿಯ ಪಕ್ಕ ಒಂದು ಸಣ್ಣ ಗೀರು, ಅದರ ಉದ್ದಕ್ಕೂ ಕಪ್ಪು.

"ಇದು ಅಣ್ಣ ಚಾಕು ಹಾಕಿದ ಗುಳಿ," ಅಂದಳು.

ನಾನು ನಕ್ಕೆ. ಅವಳೂ ನಕ್ಕಳು, ಒಂದು ತಿಂಗಳಲ್ಲಿ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಡುಮನೆಯಿಂದ ಇವರು "ಏನಾಯ್ತು? ಮತ್ತೆ ಮುರೀತಾ?" ಅಂತ ಕೂಗಿದರು.

"ಏನಿಲ್ಲ" ಅಂದೆವು ಇಬ್ಬರೂ ಒಟ್ಟಿಗೆ. ಅವಳು ಚಾಕುಗಳ ಡ್ರಾಯರನ್ನು ಮೊಣಕಾಲಿನಿಂದ ಮೆಲ್ಲಗೆ ಮುಚ್ಚಿದಳು. ನಾನು ಎರಡನೇ ಸಲಕ್ಕೆ ಬಟ್ಟಲು ಬಿಸಿಗಿಟ್ಟೆ.